ರಾಫಿಯಾದ ಮಣಿಚೀಲ

(ಸಂಘದ ಮಹಿಳಾ ವಿಭಾಗದ ಕೈಕೆಲಸ ತರಗತಿಯಲ್ಲಿ ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೆ, ಸೋದರಿಯರೆ, ಮತ್ತು ಇದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಹಿಂದಿನ ಸಾಲಿನಿಂದ ಮೆಲ್ಲನೆ ಏಳುವ ಯೋಚನೆಯಲ್ಲಿರುವ ಸೋದರರೆ,

ರಾಫಿಯಾ ನೂಲಿನಲ್ಲಿ ಕ್ರೋಶಾ ಹಾಕಿ, ಮಣಿ ಸೇರಿಸಿ ಕೈಚೀಲ ಮಾಡುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಈ ಚೀಲವನ್ನು ಹಿಡಿದು ಹೊರಗೆ ಹೊರಟರೆ ರೈಲಿನಲ್ಲಿ, ಮದುವೆಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ಹೇಗೆ ಮಾಡಿದಿರಿ ಎಂಬುದೊಂದು. ಎಷ್ಟಕ್ಕೆ ಕೊಡುತ್ತೀರಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವಾಗ ನಮ್ಮ ಹೆಂಗಸರ ಮುಖ ಅರಳುತ್ತದೆ; ಎರಡನೆಯದಕ್ಕೆ ಮಾತ್ರ ತಲೆ ತಗ್ಗುತ್ತದೆ, ಧ್ವನಿ ಇಳಿಯುತ್ತದೆ. ಈ ಹೊತ್ತು ಎರಡಕ್ಕೂ ಉತ್ತರ ಹೇಳಬೇಕೆಂದಿದ್ದೇವೆ.

ಮೊದಲು ನೂಲಿನ ವಿಚಾರ. ರಾಫಿಯಾ ಎಂಬುದು ತಾಳೆಯ ಜಾತಿಗೆ ಸೇರಿದ ಒಂದು ಮರ. ಆಫ್ರಿಕಾ ಖಂಡದಲ್ಲಿಯೂ ಅದರ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪದಲ್ಲಿಯೂ ಹೇರಳವಾಗಿ ಬೆಳೆಯುತ್ತದೆ. ಹೆಸರು ಕೂಡ ಮಡಗಾಸ್ಕರಿನ ಮಾತಿನಿಂದಲೇ ಬಂದದ್ದು. ಸಸ್ಯಲೋಕದಲ್ಲಿಯೇ ಅತ್ಯಂತ ಉದ್ದದ ಎಲೆಗಳು ಈ ಕುಲದ ಮರಗಳವು. ಕೆಲವು ಜಾತಿಗಳಲ್ಲಿ ಒಂದೊಂದು ಎಲೆ 20 ಮೀಟರನ್ನೂ ದಾಟುತ್ತದೆ. ಎಳೆಯ ಗರಿಯ ಸಿಪ್ಪೆಯನ್ನು ತೆಳುವಾಗಿ ಸುಲಿದು ಬಿಸಿಲಿಗೆ ಹಾಕಿದರೆ, ಒಣಗುತ್ತ ತಾನೇ ಸುರುಳಿಕೊಂಡು ಹುರಿಯಂತಾಗುತ್ತದೆ. ಕಾಂಗೋ ದೇಶದ ಕುಬಾ ಜನರು ಇದರಿಂದ ಬಟ್ಟೆಯನ್ನೇ ನೇಯುತ್ತಾರೆ. ಅಲ್ಲಿನ ಪದ್ಧತಿಯಲ್ಲಿ ಮಗ್ಗದಲ್ಲಿ ಸಾದಾ ಬಟ್ಟೆ ನೇಯುವುದು ಗಂಡಸರ ಪಾಲು, ಆ ಬಟ್ಟೆಯ ಮೇಲೆ ಮಖಮಲ್ಲಿನಂಥ ಕಸೂತಿ ತುಂಬುವುದು ಹೆಂಗಸರ ಪಾಲು. ಎದ್ದುಹೋಗಲಿದ್ದ ಸೋದರರು ಇದನ್ನು ಗಮನಿಸಬೇಕು.

ಆದರೆ ಇಲ್ಲಿ ಭುಲೇಶ್ವರದ ಅಂಗಡಿಯಲ್ಲಿ ‘ರಾಫಿಯಾ’ ಎಂದು ಕೇಳಿದರೆ ಮರದ ರಾಫಿಯಾ ಸಿಕ್ಕೀತೆಂದು ನಂಬಬಾರದು. ಇಂದು ಆ ಹೆಸರಿನಲ್ಲಿ ಮಾರುವ ಲಡಿಗಳಲ್ಲಿ ಬಹುಪಾಲು ಕಾಗದದವು, ಇಲ್ಲವೆ ಪ್ಲಾಸ್ಟಿಕ್ಕಿನವು. ಪರೀಕ್ಷೆ ಸುಲಭ. ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ಸೋಕಿಸಿರಿ. ಕರಗಿ ಗಟ್ಟಿ ಗುಂಡಾದರೆ ಪ್ಲಾಸ್ಟಿಕ್ಕು. ಕಾಗದದಂತೆ ಉರಿದು ಬೂದಿಯಾದರೆ ಕಾಗದ ಅಥವಾ ನಾರು. ಉಳಿದ ಎರಡನ್ನು ಬೇರ್ಪಡಿಸಲು ನೀರು ಸಾಕು. ಒದ್ದೆಯಾದಾಗ ಕಾಗದದ ನೂಲು ಜಗ್ಗಿದಲ್ಲಿ ಹರಿಯುತ್ತದೆ, ಮರದ ರಾಫಿಯಾ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ಹೀಗಾಗಿ ಮರದ್ದನ್ನು ಸ್ವಲ್ಪ ತೇವ ಮಾಡಿಕೊಂಡು ಹಾಕುವುದು ಮೇಲು, ಕಾಗದದ್ದನ್ನು ಒಣಗಿದ್ದಂತೆಯೇ ಹಾಕಬೇಕು. ಮರದ್ದು ಗರಿಯ ಅಳತೆಗೆ ತಕ್ಕ ತುಂಡುತುಂಡಾಗಿ ಬರುವುದರಿಂದ ಮತ್ತೆ ಮತ್ತೆ ಸೇರಿಸಿಕೊಳ್ಳಬೇಕಾಗುತ್ತದೆ. ಕಲಿಯುವವರಿಗೆ ಕಾಗದದ್ದೇ ಲೇಸೆಂದು ನಮ್ಮ ಅಭಿಪ್ರಾಯ. ಅಂಥ ಚೀಲವನ್ನು ಮುಂಬಯಿಯ ಜೂನ್ ತಿಂಗಳ ಮಳೆಗೆ ಒಡ್ಡುವ ಮಾತಂತೂ ಬೇಡ. ದಸರೆಯಿಂದ ಹೋಳಿಯವರೆಗೆ ಅದರ ರಾಜ್ಯಭಾರ. ಉಳಿದ ಕಾಲ ಹಳೆಯ ಪಂಚೆಯಲ್ಲಿ ಸುತ್ತಿ ಕಪಾಟಿನೊಳಗೆ ವಿಶ್ರಾಂತಿ.

ಇನ್ನು ಹೊಲಿಗೆಗಳ ಹೆಸರು. ನಮ್ಮಲ್ಲಿ ಹಲವರು ಕ್ರೋಶಾ ಕಲಿತದ್ದು ಈ ಊರಿನಲ್ಲಿ, ಪಕ್ಕದ ಮನೆಯ ಮರಾಠಿ ವಹಿನಿಯವರಿಂದ, ಕಾಕುಗಳಿಂದ. ಅವರ ‘ಸಾಖಳಿ’ ನಮ್ಮಲ್ಲಿ ಸರಪಳಿಯಾಯಿತು, ‘ಖಾಂಬ್’ ಕಂಬವಾಯಿತು. ‘ಮುಕಾ ಖಾಂಬ್’ ಎಂಬುದನ್ನು ನಮ್ಮ ತರಗತಿಯಲ್ಲಿ ಯಾರೋ ತಮಾಷೆಗೆ ‘ಮೂಕ ಕಂಬ’ ಎಂದರು, ಅದೇ ನಿಂತುಹೋಯಿತು. ಇಂಗ್ಲಿಷ್ ಪುಸ್ತಕ ನೋಡಿ ಹಾಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಮೂಕ ಕಂಬಕ್ಕೆ ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುತ್ತಾರೆ, ಅದನ್ನೇ ಇಂಗ್ಲೆಂಡಿನವರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಪುಸ್ತಕ ಯಾವ ದೇಶದ್ದೆಂದು ನೋಡದೆ ಕಡ್ಡಿ ಹಿಡಿದರೆ ಚೀಲ ಮೀನುಗಾರರ ಬಲೆಯಾದೀತು. ಮೂಕ ಕಂಬವೆಂದರೆ ನಾವು ಒಂದೇ ಅರ್ಥ ಮಾಡಿಕೊಳ್ಳುತ್ತೇವೆ. ಇಡೀ ಚೀಲ ಆ ಒಂದೇ ಹೊಲಿಗೆಯಲ್ಲಿ ಆಗತಕ್ಕದ್ದು.

ಕಡ್ಡಿ 4ರಿಂದ 5 ಮಿಲಿಮೀಟರಿನದು ಇರಲಿ. ರಾಫಿಯಾಕ್ಕೆ ಉಣ್ಣೆಯ ಹಾಗೆ ಹಿಗ್ಗುವ ಗುಣವಿಲ್ಲ. ಬಿಗಿಯಾಗಿ ಎಳೆದರೆ ನೋಯುವುದು ನಮ್ಮ ಬೆರಳೇ. ಕೈ ಸಡಿಲ ಬಿಟ್ಟು, ಅರ್ಧ ಗಂಟೆಗೊಮ್ಮೆ ಕೆಳಗಿಟ್ಟು ಎದ್ದು ಓಡಾಡಬೇಕು. ನೂಲು ಎಷ್ಟು ತರಬೇಕೆಂಬುದಕ್ಕೆ ಅಂಗಡಿಯವನನ್ನು ಕೇಳುವುದಕ್ಕಿಂತ ನೂಲನ್ನೇ ಕೇಳಿರಿ. ಹತ್ತು ಹೊಲಿಗೆ ಹಾಕಿ, ಬಿಚ್ಚಿ, ಎಷ್ಟು ಸೆಂಟಿಮೀಟರು ತಿಂದಿತೆಂದು ಅಳೆಯಿರಿ. ಚೀಲದ ಒಟ್ಟು ಹೊಲಿಗೆಗಳ ಲೆಕ್ಕವನ್ನು ನಾವು ಕೊಡುತ್ತೇವೆ. ಗುಣಿಸಿಕೊಂಡು, ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ ತನ್ನಿರಿ.

ತಳ ದುಂಡಗಿರಲಿ. ಒಂದು ಕುಣಿಕೆಯೊಳಗೆ ಆರು ಮೂಕ ಕಂಬ ಹಾಕಿ, ಪ್ರತಿ ಸುತ್ತಿಗೂ ಆರಾರು ಹೆಚ್ಚಿಸುತ್ತ ಹೋಗುವುದು. ಆರೊಂದ್ಲ ಆರು, ಆರೆರಡ್ಲ ಹನ್ನೆರಡು, ಆರ್ಮೂರ್ಲ ಹದಿನೆಂಟು. ಎಂಟನೆಯ ಸುತ್ತಿನಲ್ಲಿ ಎಷ್ಟು ಹೊಲಿಗೆ ಇರಬೇಕೆಂದು ಕೇಳಿದರೆ ಅಜ್ಜಿಯರು ಕಣ್ಣು ಮಿಟುಕಿಸುವುದರೊಳಗೆ ನಲವತ್ತೆಂಟೆಂದರು. ಮೊಮ್ಮಗಳು ಬೆರಳು ಮಡಚುತ್ತ ಇಂಗ್ಲಿಷಿನಲ್ಲಿ ಮೇಲಕ್ಕೇರುತ್ತಿದ್ದಳು. ಎರಡನೆಯ ಪಾಠಕ್ಕೆ ಅದೇ ಹುಡುಗಿ ‘ಆರೆಂಟ್ಲ’ ಎಂದು ಕೂಗಿ ಹೇಳಿದ್ದು ನಮಗೆ ಚೀಲಕ್ಕಿಂತ ಹೆಚ್ಚಿನ ಲಾಭವೆಂದೇ ತೋರಿತು. ಇರಲಿ. ಹೆಚ್ಚಿಸುವುದು ಆರಕ್ಕೆ ಕಡಿಮೆಯಾದರೆ ತಳ ಬಟ್ಟಲಿನಂತೆ ಮೇಲೇಳುತ್ತದೆ, ಆರಕ್ಕೆ ಮೀರಿದರೆ ಲಂಗದ ನೆರಿಗೆಯಂತೆ ಅಲೆಯೇಳುತ್ತದೆ. ಹೆಚ್ಚಳಗಳೆಲ್ಲ ಒಂದರ ಮೇಲೊಂದು ಬಂದರೆ ದುಂಡು ಹೋಗಿ ಆರು ಮೂಲೆಯಾಗುತ್ತದೆ. ಆದ್ದರಿಂದ ಸುತ್ತಿನಿಂದ ಸುತ್ತಿಗೆ ಅವುಗಳ ಜಾಗ ಬದಲಿಸಬೇಕು. ಸುತ್ತಿನ ಮೊದಲ ಹೊಲಿಗೆಗೆ ಒಂದು ಪಿನ್ನು ಚುಚ್ಚಿಡುವುದನ್ನು ಮರೆಯಬಾರದು. ಹದಿನಾಲ್ಕು ಸುತ್ತು ಆದಾಗ 84 ಹೊಲಿಗೆ, ಅಡ್ಡಳತೆ ಸುಮಾರು 22 ಸೆಂಟಿಮೀಟರು. ಅಲ್ಲಿಗೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಗೋಡೆ ತಾನಾಗಿ ಏಳುತ್ತದೆ. ಗೋಡೆಗೆ 28 ಸುತ್ತು.

ಈಗ ಮಣಿ. ಚೀಲದ ಅಂದವೆಲ್ಲ ಇಲ್ಲಿದೆ, ತಾಪತ್ರಯವೆಲ್ಲ ಇಲ್ಲಿಯೇ ಇದೆ. ಗಾಜಿನ ಮಣಿ ಕಣ್ಣಿಗೆ ಚೆಂದ. ಆದರೆ ಅದರ ತೂತು ಚಿಕ್ಕದು, ತೂತಿನ ಅಂಚು ಹರಿತ, ನೂಲನ್ನು ಕೊಯ್ಯುತ್ತದೆ. ನೂರೆಪ್ಪತ್ತೈದು ಗಾಜಿನ ಮಣಿ ಹೊತ್ತ ಚೀಲ ಖಾಲಿಯಿರುವಾಗಲೇ ಭಾರವೆನಿಸುತ್ತದೆ. ನಾವು ಬಳಸುವುದು ಮರದ ಮಣಿ, ಅದರಲ್ಲಿಯೂ ಚನ್ನಪಟ್ಟಣದ್ದು. ಬೆಂಗಳೂರಿಗೂ ಮೈಸೂರಿಗೂ ನಡುವೆ ರೈಲಿನಲ್ಲಿ ಹೋದವರೆಲ್ಲರೂ ಆ ಊರಿನ ಬೊಂಬೆಗಳನ್ನು ಬಲ್ಲರು; ಮಣಿ ಮಾಡುವ ಸಂಗತಿ ಕೆಲವರಿಗೆ ತಿಳಿಯದು. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಕೇದಗೆಯ ಗರಿ ಒತ್ತಿ ಹೊಳಪು ಕೊಡುತ್ತಾರೆ. ಹಗುರ, ನುಣುಪು, ಕೈಗೆ ಹಿತ. ಎಂಟು ಮಿಲಿಮೀಟರಿನ ಮಣಿ, ತೂತು ಮೂರು ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ನೋಡಿ ತರಬೇಕು. ಮಣಿಯ ಅಗಲ ಹೊಲಿಗೆಯ ಅಗಲವನ್ನು ಮೀರಿದರೆ ಚೀಲ ಉಬ್ಬಿಕೊಳ್ಳುತ್ತದೆ.

ಚಿತ್ರಕ್ಕಾಗಿ ಪುಸ್ತಕ ಹುಡುಕಬೇಕಾದ್ದಿಲ್ಲ. ಬಾಗಿಲ ಮುಂದೆ ಚುಕ್ಕಿಯಿಟ್ಟ ಕೈಗೆ ಇದು ಹೊಸತೇ? ಏಳು ಚುಕ್ಕಿಯಿಂದ ಎರಡೂ ಕಡೆ ಒಂದಕ್ಕೆ ಇಳಿಯುವ ರಂಗೋಲಿಯನ್ನು ನೆನೆಯಿರಿ. ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು: ಒಂದು ವಜ್ರಾಕೃತಿಗೆ 25 ಮಣಿ. ಹನ್ನೆರಡು ಹೊಲಿಗೆಗೊಂದರಂತೆ 84ರಲ್ಲಿ ಏಳು ವಜ್ರಗಳು ಸರಿಯಾಗಿ ಕೂರುತ್ತವೆ. ಒಟ್ಟು 175 ಮಣಿ. ಧಾರವಾಡದ ಕಡೆಯ ಸೋದರಿಯರು ಕಸೂತಿಯ ಗೋಪುರವನ್ನೂ ತೇರನ್ನೂ ಇದರಲ್ಲಿ ತರುವ ಆಸೆ ಪಡುತ್ತಾರೆ. ಕಸೂತಿಯಂತೆ ಇದೂ ಎಣಿಕೆಯ ಕೆಲಸವೇ ಆದ್ದರಿಂದ ಆಸೆ ಸಹಜ. ಆದರೆ ಸುತ್ತು ಸುತ್ತಾಗಿ ಹಾಕಿದ ಮೂಕ ಕಂಬ ನೆಟ್ಟಗೆ ನಿಲ್ಲುವುದಿಲ್ಲ, ಪ್ರತಿ ಸುತ್ತಿಗೂ ತುಸು ತುಸು ಒಂದು ಮಗ್ಗುಲಿಗೆ ಜರುಗುತ್ತದೆ. ಏಳು ಸುತ್ತಿನ ವಜ್ರ ಆ ಓರೆಯನ್ನು ಮರೆಸಿಕೊಳ್ಳುತ್ತದೆ. ಇಪ್ಪತ್ತು ಸುತ್ತಿನ ತೇರು ಮಾತ್ರ, ಹಗ್ಗ ಒಂದೇ ಕಡೆಯಿಂದ ಎಳೆದಂತೆ ವಾಲಿ ನಿಲ್ಲುತ್ತದೆ.

ಮಣಿಯನ್ನು ಆಮೇಲೆ ಹೊಲಿಯುವ ಸುಲಭ ಮಾರ್ಗವೂ ಉಂಟು. ನಾವು ಅದನ್ನು ಒಪ್ಪುವುದಿಲ್ಲ. ನಾಲ್ಕು ತಿಂಗಳಿಗೆ ದಾರ ಸವೆದು ಒಂದೊಂದೇ ಮಣಿ ರೈಲುಗಾಡಿಗೆ ಕಾಣಿಕೆಯಾಗುತ್ತದೆ. ಹಾಕುವ ಮೊದಲೇ ನೂಲಿಗೆ ಪೋಣಿಸಿಕೊಂಡು, ಬೇಕಾದ ಕಡೆ ಒಂದನ್ನು ಮೇಲಕ್ಕೆ ಸರಿಸಿ ಹೊಲಿಗೆಯಲ್ಲಿ ಸೆರೆ ಹಿಡಿಯುವುದು ಸರಿಯಾದ ಕ್ರಮ. ನೂಲಿನ ತುದಿಗೆ ಅಂಟು ಹಚ್ಚಿ ಒಣಗಿಸಿ ಚೂಪು ಮಾಡಿಕೊಂಡರೆ ಸೂಜಿಯೇ ಬೇಡ. ಆದರೆ 175ನ್ನೂ ಒಮ್ಮೆಗೇ ಪೋಣಿಸಿದರೆ, ಅವುಗಳನ್ನು ಹಿಂದೆ ಹಿಂದೆ ತಳ್ಳುವುದರಲ್ಲಿಯೇ ಕಾಗದದ ನೂಲು ಸವೆದು ಜೂಲಾಗುತ್ತದೆ. ಸುತ್ತಿನ ಲೆಕ್ಕದಲ್ಲಿ 7, 21, 35, 49, 35, 21, 7 ಮಣಿ ಬೇಕಷ್ಟೆ. ಮೊದಲ ಮೂರು ಸುತ್ತಿಗೆ 63 ಪೋಣಿಸಿರಿ. ಅದು ತೀರಿದಾಗ ನೂಲು ಕತ್ತರಿಸಿ 49 ಪೋಣಿಸಿದ ಹೊಸ ಎಳೆ ಸೇರಿಸಿರಿ. ಕೊನೆಗೆ ಮತ್ತೆ 63. ಸೇರಿಸುವಲ್ಲಿ ಗಂಟು ಬೇಡ, ಗೇಣುದ್ದ ತುದಿ ಬಿಟ್ಟು ಅದರ ಮೇಲೆಯೇ ಹೊಲಿಗೆ ಹಾಕಿಕೊಂಡು ಹೋದರೆ ಒಳಗೆ ಅಡಗುತ್ತದೆ. ಎರಡು ಮೂರು ಬಣ್ಣದ ಮಣಿಯಾದರೆ ಚಿತ್ರವನ್ನು ಹಿಂದುಮುಂದಾಗಿ ಓದಿಕೊಳ್ಳಬೇಕು, ಏಕೆಂದರೆ ಕೊನೆಗೆ ಪೋಣಿಸಿದ್ದು ಮೊದಲು ಬರುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಮೂಕ ಕಂಬದಲ್ಲಿ ಮಣಿ ಬಂದು ಕೂರುವುದು ನಮ್ಮ ಮುಂದಿನ ಮಗ್ಗುಲಿಗಲ್ಲ, ಹಿಂದಿನ ಮಗ್ಗುಲಿಗೆ. ‘ಮಣಿಯೆಲ್ಲ ಚೀಲದ ಹೊಟ್ಟೆಯೊಳಗೆ ಹೋಯಿತಲ್ಲಾ ಅಕ್ಕಾ’ ಎಂಬ ಗೋಳು ಪ್ರತಿ ತಂಡದಲ್ಲಿಯೂ ಒಮ್ಮೆ ಕೇಳಿಬರುತ್ತದೆ. ತಳ ಮುಗಿದು ಎರಡು ಸುತ್ತು ಗೋಡೆ ಎದ್ದೊಡನೆ ಚೀಲವನ್ನು ಮಗುಚಿ, ಹಿಂದಿನ ಮಗ್ಗುಲು ಹೊರಗೆ ಬರುವಂತೆ ಹಿಡಿದುಕೊಂಡು ಮುಂದುವರಿಯಬೇಕು. ಎಲ್ಲ ಮುಗಿದ ಮೇಲೆ ಮಗುಚಹೋದರೆ ಬಿರುಸಾದ ರಾಫಿಯಾದ ಮೇಲೆ ಮಡಿಕೆಯ ಗೆರೆ ಉಳಿಯುತ್ತದೆ.

ಹಿಡಿಗೆ ಅರುವತ್ತು ಸರಪಳಿ, ಅದರ ಮೇಲೆ ಮೂರು ಸಾಲು ಮೂಕ ಕಂಬ, ಅಂಥವು ಎರಡು. ಒಳಗೆ ಹತ್ತಿಯ ಅಸ್ತರು, ಬಾಯಿಗೆ ಜಿಪ್ಪು. ಅಸ್ತರಿಗೆ ಅರೆಗಳನ್ನು ಮಾಡುವಾಗ ಊರಿನ ಅಜ್ಜಿಯರ ಎಲೆಯಡಿಕೆ ಸಂಚಿಯನ್ನು ನೆನಪಿಗೆ ತಂದುಕೊಳ್ಳಿರಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಯಾರಿಗೂ ಕಾಣದಂತೆ ಚಿಲ್ಲರೆಗೊಂದು. ಅಡಿಕೆಯ ಜಾಗದಲ್ಲಿ ಈಗ ಮೊಬೈಲು, ಸುಣ್ಣದ ಜಾಗದಲ್ಲಿ ರೈಲಿನ ಪಾಸು. ಕೊನೆಗೆ ಆಕಾರಕ್ಕೆ ತರಲು ಇಸ್ತ್ರಿಪೆಟ್ಟಿಗೆಯನ್ನು ಮೇಲೊತ್ತಬಾರದು. ಒದ್ದೆ ಬಟ್ಟೆ ಹಾಸಿ ದೂರದಿಂದ ಸ್ವಲ್ಪ ಹಬೆ ತಾಗಿಸಿದರೆ ಸಾಕು. ಪ್ಲಾಸ್ಟಿಕ್ ನೂಲಾದರೆ ಅದೂ ಬೇಡ.

ಚೀಲವಾಯಿತು. ಎಷ್ಟಕ್ಕೆ ಕೊಡುತ್ತೀರಿ?

ಲೆಕ್ಕ ಕೊಡುತ್ತೇವೆಂದು ಹೇಳಿದ್ದೆವು. ತಳಕ್ಕೆ 630 ಹೊಲಿಗೆ, ಗೋಡೆಗೆ 2,352, ಹಿಡಿಗಳಿಗೆ 360, ಒಟ್ಟು 3,342. ಗಡಿಯಾರ ಮುಂದಿಟ್ಟು ನೋಡಿದ್ದೇವೆ. ಪಳಗಿದ ಕೈ ಈ ನೂಲಿನಲ್ಲಿ ಮಿನಿಟಿಗೆ ಎಂಟು ಹೊಲಿಗೆ ಹಾಕುತ್ತದೆ. ಏಳು ಗಂಟೆಯಾಯಿತು. ಮಣಿ ಪೋಣಿಸಿ, ಅಸ್ತರು ಜೋಡಿಸಿ, ತುದಿಗಳನ್ನು ಅಡಗಿಸಲು ಇನ್ನು ಮೂರು. ಹತ್ತು ಗಂಟೆಯ ದುಡಿಮೆ. ನೂಲು, ಮಣಿ, ಬಟ್ಟೆ, ಜಿಪ್ಪು ಸೇರಿ 350 ರೂಪಾಯಿ ಬಿದ್ದಿತೆಂದು ಇಟ್ಟುಕೊಳ್ಳೋಣ. ಚೀಲವನ್ನು 600ಕ್ಕೆ ಕೊಟ್ಟು, ಒಳ್ಳೆಯ ವ್ಯಾಪಾರವಾಯಿತೆಂದು ಹಿಗ್ಗಿದರೆ, ಗಂಟೆಗೆ ಸಿಕ್ಕಿದ್ದು 25 ರೂಪಾಯಿ. ಅದೇ ಮನೆಯಲ್ಲಿ ನಲ್ಲಿ ರಿಪೇರಿಗೆ ಬಂದವನಿಗೆ ಹತ್ತು ನಿಮಿಷಕ್ಕೆ ಎಷ್ಟು ಕೊಟ್ಟಿರೆಂದು ಜ್ಞಾಪಿಸಿಕೊಳ್ಳಿರಿ.

‘ಸುಮ್ಮನೆ ಕೂತಾಗ ಹಾಕಿದ್ದು, ಅದಕ್ಕೇನು ಮಜೂರಿ’ ಎಂಬ ಉತ್ತರ ನಮಗೆ ಗೊತ್ತಿದೆ. ಈ ಉತ್ತರಕ್ಕೆ ಒಂದು ಇತಿಹಾಸವಿದೆ. ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದವು. ಕ್ರೋಶಾಕ್ಕೆ ಹಾಗಲ್ಲ. ‘ಕ್ರೋಶೆ ಯಂತ್ರ’ವೆಂಬ ಹೆಸರಿನಲ್ಲಿ ಓಡುವವು ಲೇಸುಪಟ್ಟಿಯನ್ನು ಹೆಣೆಯುವ ಹೆಣಿಗೆಯ ಯಂತ್ರಗಳೇ, ನಿಜವಾದ ಕ್ರೋಶಾವನ್ನು ಹಾಕುವ ಪ್ರಯತ್ನಗಳು ಪ್ರಯೋಗಶಾಲೆಯಿಂದ ಹೊರಬಿದ್ದು ಅಂಗಡಿಯನ್ನು ತುಂಬುವಷ್ಟು ಬೆಳೆದಿಲ್ಲ. ಎಂದರೆ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿದ ಕ್ರೋಶಾ ಚೀಲಗಳಲ್ಲಿ ಒಂದೊಂದರ ಹಿಂದೆಯೂ ಯಾರೋ ಒಬ್ಬರು ಕೂತು ಇಷ್ಟೇ ಗಂಟೆಗಳನ್ನು ಸುರಿದಿದ್ದಾರೆ. ಬೆಲೆಯ ಚೀಟಿ ಸಣ್ಣದಾಗಿದ್ದರೆ ಉಳಿತಾಯವಾದದ್ದು ಯಂತ್ರದಿಂದಲ್ಲ, ಅವರ ಮಜೂರಿಯಿಂದ.

1840ರ ದಶಕದ ಬಟಾಟೆ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರ ಕ್ರೋಶಾ ಲೇಸಿನಿಂದ. ಅಷ್ಟು ದೂರ ಹೋಗುವುದೇಕೆ? ಗೋದಾವರಿಯ ಮುಖಜಭೂಮಿಯಲ್ಲಿ ನರಸಾಪುರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿ ಕಲಿಸಿದ ಕ್ರೋಶಾ ಲೇಸು ಸುತ್ತಲಿನ ಹಳ್ಳಿಗಳಿಗೆ ಹರಡಿ ಸಾಗರದಾಚೆಗೆ ರಫ್ತಾಗುವ ಮಾಲಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಆ ಹೆಂಗಸರು ಮನೆಗೆಲಸದ ಜೊತೆಗೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು. ಆದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ‘ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ’ ಎಂದರು. ಬಿಡುವಿನ ಕೆಲಸವೆಂದ ಮೇಲೆ ಕೂಲಿ ಎಷ್ಟಾದರೇನು? ಲಾಭ ವ್ಯಾಪಾರಿಗಳ ಮನೆ ಸೇರಿತು. ಆ ಮಾತನ್ನು ಅಲ್ಲಿ ವ್ಯಾಪಾರಿಗಳು ಆಡುತ್ತಿದ್ದರು; ಇಲ್ಲಿ ನಾವೇ ನಮ್ಮ ಬಾಯಿಂದ ಆಡುತ್ತಿದ್ದೇವೆ.

ಮಕ್ಕಳ ಸಂಪಾದನೆಯಿದೆ, ನಮಗೇಕೆ ಹಣ ಎನ್ನುವ ಸೋದರಿಯರು ನಮ್ಮಲ್ಲಿದ್ದಾರೆ. ಅವರ ಮನಸ್ಸು ದೊಡ್ಡದು. ಅವರು ನೂಲಿನ ಬೆಲೆಗೇ ಚೀಲ ಕೊಟ್ಟುಬಿಡುತ್ತಾರೆ. ಆದರೆ ಅದೇ ರಾಜ್ಯೋತ್ಸವದ ಮಳಿಗೆಯಲ್ಲಿ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಈ ದುಡ್ಡಿನಿಂದ ಮಗಳ ಕಾಲೇಜಿನ ಶುಲ್ಕ ಹೊಂದಿಸುವ ಸೋದರಿಯೂ ಕುಳಿತಿರುತ್ತಾರೆ. ಕೊಳ್ಳುವವರು ಅವರನ್ನು ಕೇಳುತ್ತಾರೆ: ‘ಅಲ್ಲಿ 400 ಅಂದರು, ನೀವೇಕೆ ಸಾವಿರ ಹೇಳುತ್ತೀರಿ?’ ಆಕೆ ಏನು ಉತ್ತರ ಕೊಡಬೇಕು? ದಾನ ಮಾಡುವವರು ಚೀಲವನ್ನು ಉಚಿತವಾಗಿಯೇ ಕೊಡಲಿ, ಅಕ್ಕನಿಗೆ, ಅತ್ತಿಗೆಗೆ, ಸೊಸೆಗೆ ಉಡುಗೊರೆಯಾಗಿ ಕೊಡಲಿ. ಅದರಿಂದ ಯಾರಿಗೂ ಕೇಡಿಲ್ಲ. ಮೇಜಿನ ಮೇಲೆ ಬೆಲೆ ಬರೆದು ಇಟ್ಟಮೇಲೆ ಆ ಬೆಲೆ ಅವರೊಬ್ಬರದಾಗಿ ಉಳಿಯುವುದಿಲ್ಲ.

ಊರಿನ ಕಡೆಯಿಂದಲೇ ಒಂದು ಉದಾಹರಣೆ ಕೊಡಬಹುದು. ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ, ಹಂಪಿಗೆ ಹೋದವರು ಹೊಳೆಯಾಚೆ ಕಾಣುವ ಊರು ಅದು, ಕಿಷ್ಕಿಂಧಾ ಟ್ರಸ್ಟಿನವರು ಬಾಳೆಯ ನಾರಿನ ಕೈಕೆಲಸವನ್ನು ಬೆಳೆಸಿದ್ದಾರೆ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಪಟ್ಟೆಯನ್ನು ಒಣಗಿಸಿ, ಹುರಿ ಹೊಸೆದು, ಅಲ್ಲಿನ ಹೆಂಗಸರು ಚೀಲ, ಬುಟ್ಟಿಗಳನ್ನು ಮಾಡುತ್ತಾರೆ. ಅವರಿಗೆ ಅದು ಹೊತ್ತು ಕಳೆಯುವ ಆಟವಲ್ಲ, ಉದ್ಯೋಗ. ನಮ್ಮ ತರಗತಿಯವರು ಊರಿಗೆ ಹೋದಾಗ ಆ ಹುರಿಯನ್ನು ಕಣ್ಣಾರೆ ನೋಡಿ ಬರಬೇಕೆಂದು ಕೋರುತ್ತೇವೆ. ಕಾಗದದ ರಾಫಿಯಾಕ್ಕಿಂತ ಬಾಳೆಯ ಹುರಿ ನಮ್ಮ ಚೀಲಕ್ಕೆ ಒಗ್ಗೀತೆಂಬ ಭರವಸೆ ನಮಗಿದೆ.

ಈ ಸಲದ ಮಳಿಗೆಗೆ ಚೀಲ ಕೊಡುವವರೆಲ್ಲ ಒಂದು ಕೆಲಸ ಮಾಡಬೇಕು. ಚೀಲದ ಒಳಗಿನ ಅರೆಯಲ್ಲಿ ಒಂದು ಚೀಟಿ: ನೂಲಿಗೆ ಇಷ್ಟು, ಮಣಿಗೆ ಇಷ್ಟು, ಗಂಟೆ ಇಷ್ಟು. ಗಂಟೆಗೆ ಎಷ್ಟು ಹಿಡಿಯಬೇಕೆಂಬುದನ್ನು ಎಲ್ಲರೂ ಸೇರಿ ಮುಂದಿನ ಶನಿವಾರ ನಿಶ್ಚಯಿಸೋಣ. ನೂಲಿನ ಬೆಲೆಗೇ ಕೊಡುತ್ತಿದ್ದವರು ತಪ್ಪದೆ ಬರಬೇಕು, ಅವರ ಒಪ್ಪಿಗೆಯಿಲ್ಲದೆ ಈ ನಿಶ್ಚಯ ನಿಲ್ಲಲಾರದು. ಬರುವಾಗ ಕಡ್ಡಿ, ಒಂದು ಲಡಿ ನೂಲು, ಪಿನ್ನು ತನ್ನಿರಿ. ಮಣಿ ಸಂಘದಲ್ಲಿದೆ. ಸೋದರರಲ್ಲಿ ಯಾರಾದರೂ ಬರುವುದಾದರೆ ಪೋಣಿಸುವ ಕೆಲಸ ಬಾಕಿಯಿದೆ. ಅದಕ್ಕೆ ಕ್ರೋಶಾ ಬರಬೇಕಾದ್ದಿಲ್ಲ.